ಫುಲ್ ಇನ್ಶೂರೆನ್ಸಿನ ಅರ್ಧ ಕಥೆ

ಆಗಸ್ಟ್ ಬಂತು ಅಂದ್ರೆ ನನ್ನ ಮೊಬೈಲಿಗೆ ಮೆಸೇಜುಗಳ ಮಳೆ. 'ನಿಮ್ಮ ಕಾರಿನ ಪಾಲಿಸಿ ಮುಗಿಯುತ್ತಿದೆ, ಇವತ್ತೇ ರಿನ್ಯೂ ಮಾಡಿ.' 2023ರಲ್ಲೂ ಹಾಗೇ ಆಯ್ತು. ನನ್ನದು 2014ರ ಮಾಡೆಲ್, 1,197 ಸಿಸಿ ಪೆಟ್ರೋಲ್ ಕಾರು. ಒಂದು ಭಾನುವಾರ ನಾಲ್ಕು ಕಂಪನಿಗಳ ರೇಟನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಊರಿಂದ ಬಂದಿದ್ದ ಅಪ್ಪ ಹಿಂದೆ ನಿಂತು ನೋಡ್ತಾ ಇದ್ರು.

"ಒಂಬತ್ತು ವರ್ಷ ಕಟ್ಟಿದ್ದೀಯಲ್ಲ ಮಗ, ಒಂದು ರೂಪಾಯಿನಾದ್ರೂ ವಾಪಸ್ ಬಂತಾ?"

ಬಂದಿರಲಿಲ್ಲ. ಉತ್ತರ ಹುಡುಕ್ತಾ ಸ್ಕ್ರೀನ್ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾಲ್ಕೂ ಕಂಪನಿಗಳ ಒಟ್ಟು ಮೊತ್ತ ಬೇರೆ ಬೇರೆ. ಆದರೆ ಥರ್ಡ್ ಪಾರ್ಟಿ ಅನ್ನೋ ಸಾಲಿನಲ್ಲಿ ಮಾತ್ರ ನಾಲ್ಕರಲ್ಲೂ ಒಂದೇ ಸಂಖ್ಯೆ: 3,416 ರೂಪಾಯಿ. ಒಂದೇ ಪಾಲಿಸಿಯ ಅರ್ಧಕ್ಕೆ ಸ್ಪರ್ಧೆ ಇದೆ, ಇನ್ನರ್ಧಕ್ಕೆ ಇಲ್ಲ. ಯಾಕೆ? ಇದಕ್ಕೆ ಉತ್ತರ ಬೇಕಂದ್ರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

1920ರ ದಶಕದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಕಾರುಗಳು ಹೆಚ್ಚಾದವು, ಅವುಗಳ ಕೆಳಗೆ ಬೀಳುವ ಜನರೂ ಹೆಚ್ಚಾದರು. ಗಾಯಗೊಂಡವನು ಕೋರ್ಟಿಗೆ ಹೋಗಿ ಗೆಲ್ಲುತ್ತಿದ್ದ. ಆದರೆ ಗುದ್ದಿದವನ ಜೇಬಿನಲ್ಲಿ ದುಡ್ಡಿಲ್ಲದಿದ್ದರೆ ಆ ತೀರ್ಪು ಬರೀ ಕಾಗದ. ಅದಕ್ಕೇ 1930ರ ರೋಡ್ ಟ್ರಾಫಿಕ್ ಕಾಯ್ದೆ ಒಂದು ಷರತ್ತು ಹಾಕಿತು: ಬೇರೆಯವರಿಗೆ ಆಗುವ ಹಾನಿಗೆ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಥರ್ಡ್ ಪಾರ್ಟಿ ಅಂದ್ರೆ ಇದೇ. ಮೊದಲನೆಯವರು ನೀವು, ಎರಡನೆಯದು ಕಂಪನಿ, ಮೂರನೆಯವನು ರಸ್ತೆಯಲ್ಲಿ ನಡೆದು ಹೋಗ್ತಿರುವ ಬಡಪಾಯಿ.

ಅದೇ ವಿಚಾರ ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆಯ ಎಂಟನೇ ಅಧ್ಯಾಯವಾಗಿ ಇಲ್ಲಿಗೂ ಬಂತು. ಕಾಯ್ದೆ 1939ರಲ್ಲೇ ಜಾರಿಯಾದರೂ ಈ ಅಧ್ಯಾಯ ಮಾತ್ರ ಜಾರಿಗೆ ಬಂದದ್ದು 1946ರ ಜುಲೈ 1ರಂದು. 1956ರ ತಿದ್ದುಪಡಿ ಅಪಘಾತ ಪರಿಹಾರಕ್ಕೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. 1982ರಲ್ಲಿ ಇನ್ನೊಂದು ಹೆಜ್ಜೆ: ತಪ್ಪು ಯಾರದ್ದು ಅಂತ ಸಾಬೀತು ಮಾಡದಿದ್ದರೂ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಲೇಬೇಕು ಅಂತಾಯ್ತು. ಈಗ ನಾವು ಓಡಾಡುತ್ತಿರುವುದು 1988ರ ಕಾಯ್ದೆಯ ಕೆಳಗೆ. ಅದರ 146ನೇ ಕಲಂ ಹೇಳುವುದೂ 1946ರಲ್ಲಿ ಜಾರಿಗೆ ಬಂದ ಮಾತನ್ನೇ.

ಗಮನಿಸಿ, ಈ ಇಡೀ ಇತಿಹಾಸದಲ್ಲಿ ಕಾನೂನು ನಿಮ್ಮ ಕಾರಿನ ಬಗ್ಗೆ ಒಂದು ಮಾತೂ ಆಡಿಲ್ಲ. ನಿಮ್ಮ ಬಂಪರು, ನಿಮ್ಮ ಇಷ್ಟ. ಕಡ್ಡಾಯದ ಭಾಗಕ್ಕೆ ಕಾರಿನ ಕಳ್ಳತನ, ಬೆಂಕಿ, ನೆರೆ, ಡ್ಯಾಮೇಜು ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿ ಮಾರಿದ್ದಕ್ಕೆ ಕಾಂಪ್ರಹೆನ್ಸಿವ್ ಅಂತ ಹೆಸರು. ನಮ್ಮ ಬಾಯಲ್ಲಿ ಅದು ಫುಲ್ ಇನ್ಶೂರೆನ್ಸ್, ಇಲ್ಲಾ ಫಸ್ಟ್ ಪಾರ್ಟಿ.

ಕಡ್ಡಾಯ ಯಾಕೆ ಅನ್ನೋದನ್ನ ನಾನು ಕಾಯ್ದೆ ಓದಿ ತಿಳಿದುಕೊಂಡವನಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಸಂತೆಯಿಂದ ಸೈಕಲ್ಲಿನಲ್ಲಿ ಬರ್ತಿದ್ದ ಚಿಕ್ಕಪ್ಪನಿಗೆ ಒಂದು ಟ್ರಾಕ್ಟರ್ ಗುದ್ದಿತು. ಬಲಗಾಲು ಎರಡು ಕಡೆ ಮುರಿದು, ಅವರು ಮತ್ತೆ ನೇಗಿಲು ಹಿಡಿಯಲಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕೇಸು ನಾಲ್ಕು ವರ್ಷ ನಡೆದು 1,80,000 ರೂಪಾಯಿ ಪರಿಹಾರ ಅಂತ ಆದೇಶ ಬಂತು. ಆದರೆ ಟ್ರಾಕ್ಟರಿಗೆ ಇನ್ಶೂರೆನ್ಸ್ ಇರಲಿಲ್ಲ. ಮಾಲೀಕನ ಟ್ರಾಕ್ಟರು ಸಾಲದ್ದು, ಜಮೀನು ಅವರಪ್ಪನ ಹೆಸರಲ್ಲಿತ್ತು. ಹತ್ತು ವರ್ಷದಲ್ಲಿ ಕೈಗೆ ಬಂದದ್ದು 40,000, ಅದೂ ಕಂತಿನಲ್ಲಿ. ಆ ಆದೇಶದ ಕಾಪಿಯನ್ನು ಚಿಕ್ಕಮ್ಮ ಇವತ್ತಿಗೂ ಟ್ರಂಕಿನಲ್ಲಿ ಇಟ್ಟಿದ್ದಾರೆ. 1920ರ ದಶಕದ ಲಂಡನ್ನಿನ ಕಥೆ ಓದುವಾಗ ನನಗೆ ನೆನಪಾಗುವುದು ಆ ಟ್ರಂಕು.

ಇನ್ನು ಬೆಲೆಯ ಕಥೆಗೆ ಬರೋಣ. 1972ರ ಕಾಯ್ದೆಯ ಪ್ರಕಾರ ಸಾಮಾನ್ಯ ವಿಮೆಯನ್ನು ರಾಷ್ಟ್ರೀಕರಣ ಮಾಡಿ, 1973ರ ಜನವರಿ 1ರಿಂದ 107 ಕಂಪನಿಗಳನ್ನು ನಾಲ್ಕು ಸರ್ಕಾರಿ ಕಂಪನಿಗಳ ಒಳಗೆ ಸೇರಿಸಿದರು. 1999ರ ಐಆರ್‌ಡಿಎ ಕಾಯ್ದೆಯ ನಂತರ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಆದರೂ ಬೆಲೆ ಮಾತ್ರ ಟ್ಯಾರಿಫ್ ಪುಸ್ತಕದಲ್ಲಿ ಬರೆದದ್ದೇ. 2002ರ ಟ್ಯಾರಿಫ್ ತೆರೆದು ನೋಡಿದರೆ ದೇಶವನ್ನು ಎರಡು ವಲಯ ಮಾಡಿದ್ದಾರೆ. ಬೆಂಗಳೂರು ಸೇರಿ ಎಂಟು ದೊಡ್ಡ ನಗರಗಳು 'ಎ', ನಮ್ಮೂರೂ ಸೇರಿ ಉಳಿದದ್ದೆಲ್ಲ 'ಬಿ'. ಐದು ವರ್ಷ ದಾಟದ, 1,000ದಿಂದ 1,500 ಸಿಸಿ ಒಳಗಿನ ಕಾರಿಗೆ 'ಎ' ವಲಯದಲ್ಲಿ ಕಾರಿನ ಬೆಲೆಯ ಶೇ. 3.283, 'ಬಿ' ವಲಯದಲ್ಲಿ ಶೇ. 3.191. ಐದು ಲಕ್ಷದ ಕಾರಿಗೆ ಲೆಕ್ಕ ಹಾಕಿ: 16,415 ಮತ್ತು 15,955. ಬೆಂಗಳೂರಿಗೂ ನಮ್ಮೂರಿಗೂ ಇದ್ದ ವ್ಯತ್ಯಾಸ ಇಡೀ ವರ್ಷಕ್ಕೆ 460 ರೂಪಾಯಿ!

ಅಂದ್ರೆ ಆಗ 'ಕಂಪೇರ್' ಮಾಡೋದಕ್ಕೆ ಅರ್ಥವೇ ಇರಲಿಲ್ಲ. ಯಾವ ಆಫೀಸಿಗೆ ಹೋದರೂ ಪುಸ್ತಕ ಒಂದೇ. 2007ರ ಜನವರಿ 1ರಂದು ಸ್ವಂತ ವಾಹನದ ಹಾನಿಯ ಭಾಗಕ್ಕೆ, ಅಂದ್ರೆ ಓನ್ ಡ್ಯಾಮೇಜಿಗೆ, ಟ್ಯಾರಿಫ್ ತೆಗೆದರು. ನಾವು ಇವತ್ತು ನಾಲ್ಕು ರೇಟು ಪಕ್ಕಪಕ್ಕ ಇಟ್ಟು ನೋಡ್ತೀವಲ್ಲ, ಆ ಸೌಭಾಗ್ಯ ಶುರುವಾದದ್ದು ಅವತ್ತು. ಥರ್ಡ್ ಪಾರ್ಟಿ ದರ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ನನ್ನ ಸ್ಕ್ರೀನಿನ 3,416 ಅಂಥದ್ದು, 2022ರ ಜೂನ್ 1ರಿಂದ ಜಾರಿಗೆ ಬಂದ ದರ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯ್ತು. ಮರುವರ್ಷ ಸೆಪ್ಟೆಂಬರಿನಿಂದ ಓನ್ ಡ್ಯಾಮೇಜನ್ನು ಬೇರೆ ಕಂಪನಿಯಲ್ಲಿ ಬಿಡಿಯಾಗಿ ಕೊಳ್ಳಲೂ ಅವಕಾಶ ಬಂತು. ಹಳೇ ಗಂಟು ಬಿಚ್ಚಿಕೊಂಡಿತು.

ಗಂಟು ಬಿಚ್ಚಿದ ಮೇಲೆ ಎರಡನ್ನೂ ಬೇರೆ ಬೇರೆ ತೂಗಬೇಕು. 3,416 ರೂಪಾಯಿಗೆ ಸಿಗುವುದೇನು? ನನ್ನ ಕಾರಿನಿಂದ ಯಾರಾದರೂ ಸತ್ತರೆ, ಗಾಯಗೊಂಡರೆ, ಕೋರ್ಟ್ ಹೇಳಿದಷ್ಟೂ ಪರಿಹಾರ, ಮಿತಿಯೇ ಇಲ್ಲ. ಬೇರೆಯವರ ಆಸ್ತಿ ನಷ್ಟಕ್ಕೆ 7.5 ಲಕ್ಷದವರೆಗೆ. ಈ ಬೆಲೆಗೆ ಇಷ್ಟು ದೊಡ್ಡ ಮಾತು ಕೊಡುವ ಇನ್ನೊಂದು ಕಾಗದ ನನ್ನ ಹತ್ರ ಇಲ್ಲ.

ಓನ್ ಡ್ಯಾಮೇಜ್ ಭಾಗಕ್ಕೆ ನನಗೆ ಬಂದ ಕಡಿಮೆ ರೇಟು, ಶೇ. 50 ನೋ ಕ್ಲೇಮ್ ಬೋನಸ್ ಕಳೆದು, 2,600 ರೂಪಾಯಿ. ತೆರಿಗೆ ಬೇರೆ. ಕಾರಿನ ಘೋಷಿತ ಬೆಲೆ, ಅಂದ್ರೆ ಐಡಿವಿ, 2.2 ಲಕ್ಷ. ಈಗ ಬಂಪರ್ ಒಡೆದು 12,000 ಬಿಲ್ಲಾಯಿತು ಅಂದ್ಕೊಳ್ಳಿ. ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ ಕಳೆದರೆ 6,000. ಅದರಲ್ಲಿ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಹೋದರೆ ಕೈಗೆ ಬರುವುದು 5,000. ಆದರೆ ಕ್ಲೇಮ್ ಮಾಡಿದ ತಕ್ಷಣ ಬೋನಸ್ ಸೊನ್ನೆ. ಅದು ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಿ 50ಕ್ಕೆ ಬರಬೇಕು. ಮೂಲ ಪ್ರೀಮಿಯಂ 5,200 ಹಾಗೇ ಇರುತ್ತೆ ಅಂತ ಇಟ್ಟುಕೊಂಡರೆ, ಆ ಐದು ವರ್ಷಗಳಲ್ಲಿ ನಾನು ಹೆಚ್ಚಾಗಿ ಕಟ್ಟುವುದು 2,600, 1,560, 1,300, 780, 260. ಒಟ್ಟು 6,500. ಐದು ಸಾವಿರ ಈಸ್ಕೊಂಡು ಆರೂವರೆ ಸಾವಿರ ಕೊಟ್ಟಂಗಾಯ್ತು!

ಹಾಗಾದ್ರೆ ಅದನ್ನ ಬಿಟ್ಟುಬಿಡೋದಾ? 2022ರ ಸೆಪ್ಟೆಂಬರ್ ನೆನಪಿದೆಯಲ್ಲ? ಬೆಳ್ಳಂದೂರು, ಹೊರವರ್ತುಲ ರಸ್ತೆ ಎಲ್ಲ ಕೆರೆಯಾಗಿ, ನಮ್ಮಂಥ ಐಟಿಯವರು ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ನೀರು ನುಗ್ಗಿತ್ತು. ಪಕ್ಕದ ಮನೆಯವರು ನೀರು ಇಳಿದ ಮೇಲೆ 'ನೋಡೋಣ' ಅಂತ ಕಾರು ಸ್ಟಾರ್ಟ್ ಮಾಡಿದರು. ಒಳಗೆ ಸೇರಿದ ನೀರಿನಿಂದ ಎಂಜಿನ್ ಹಿಡಿದುಕೊಂಡಿತು. ಸೀಟು, ವೈರಿಂಗ್ ರಿಪೇರಿಗೆ ದುಡ್ಡು ಬಂತು, ಎಂಜಿನ್ನಿಗೆ ಬರಲಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಅನ್ನೋ ಆಡ್ ಆನ್ ಬೇರೆ ತಗೋಬೇಕಿತ್ತು. ಅವರದೂ ಫುಲ್ ಇನ್ಶೂರೆನ್ಸೇ!

ನನ್ನ ತೀರ್ಮಾನ ಸರಳವಾಯ್ತು. ಓನ್ ಡ್ಯಾಮೇಜ್ ಇರಲಿ, ಆದರೆ ಗೀರು, ಬಂಪರಿಗೆ ಅಂತ ಅಲ್ಲ. ಕಾರು ಕಳುವಾದ ದಿನಕ್ಕೆ, ಸುಟ್ಟ ದಿನಕ್ಕೆ, ಮುಳುಗಿದ ದಿನಕ್ಕೆ. 2.2 ಲಕ್ಷ ಹೋದರೂ ತಡ್ಕೋತೀನಿ ಅನ್ನುವವರು ಅದನ್ನ ಧಾರಾಳವಾಗಿ ಬಿಡಬಹುದು, ನಾನಿನ್ನೂ ಆ ಸ್ಥಿತಿಗೆ ಬಂದಿಲ್ಲ. ಮೊದಲನೇ ಭಾಗ ಬಿಡುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಇಷ್ಟೆಲ್ಲ ಅಪ್ಪನಿಗೆ ವಿವರಿಸಿ, ಚಿಕ್ಕಪ್ಪನ ಕೇಸು ನೆನಪಿಸಿ, "ಅವತ್ತು ಆ ಟ್ರಾಕ್ಟರಿಗೆ ಇದೊಂದು ಇದ್ದಿದ್ರೆ" ಅಂದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಮ್ಮ ಬೈಕಿಂದು ಮುಗಿದು ಮೂರು ವರ್ಷ ಆಯ್ತೇನೋ ಕಣಪ್ಪ" ಅಂದ್ರು.

ಆ ಬೈಕಿನಲ್ಲಿ ನನ್ನ ತಮ್ಮ ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋಗ್ತಾನೆ, ಚಿಕ್ಕಪ್ಪ ಬಿದ್ದ ಅದೇ ರಸ್ತೆಯಲ್ಲಿ. ಚಿಕ್ಕಮ್ಮನ ಟ್ರಂಕಿನಲ್ಲಿರುವಂಥ ಕಾಗದವನ್ನು ಇನ್ನೊಂದು ಮನೆಗೆ ಕೊಡುವ ಕೆಲಸ ಮೂರು ವರ್ಷದಿಂದ ನಮ್ಮ ಮನೆಯ ಅಂಗಳದಲ್ಲೇ ನಿಂತಿತ್ತು.

ನೂರು ಸಿಸಿ ಬೈಕಿನ ಥರ್ಡ್ ಪಾರ್ಟಿ ದರ 714 ರೂಪಾಯಿ, ತೆರಿಗೆ ಬೇರೆ. ನನ್ನ ಕಾರನ್ನು ಆಮೇಲೆ ನೋಡಿದರಾಯ್ತು ಅಂತ ಪಕ್ಕಕ್ಕಿಟ್ಟು, ಮೊದಲು ಅದನ್ನ ಕಟ್ಟಿದೆ. ಈ ಸಲ ಯಾವ ಕಂಪನಿ ಅಗ್ಗ ಅಂತ ನೋಡಲಿಲ್ಲ.