ಸೂಟಿಯ ಪಾಠ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಪದ್ಧತಿಗೆ ಈಗ ಹೋಂ ಸ್ಕೂಲಿಂಗ್ ಎಂಬ ಹೆಸರು ಬಂದಿದೆ. ಬೆಂಗಳೂರು, ಪುಣೆಯಂಥ ದೊಡ್ಡ ಊರುಗಳ ಸಂಗತಿ ಇದು ಎಂದುಕೊಂಡಿದ್ದೆ. ಕಲಬುರಗಿಯ ನಮ್ಮ ಓಣಿಗೇ ಅಂಥದೊಂದು ಸಂಸಾರ ಬಂದು ನೆಲೆಸಿದ ಮೇಲೆ ಕಣ್ಣಾರೆ ಕಂಡೆ. ಗಂಡ ಹೆಂಡತಿ ಇಬ್ಬರೂ ಓದಿದವರು. ಮಕ್ಕಳು ಒಂದು ಗಂಡು, ಒಂದು ಹೆಣ್ಣು. ಮಳೆಗಾಲ ಮುಗಿದು ದಸರೆ ಹತ್ತಿರ ಬಂತೆಂದರೆ ಆ ಮನೆಯವರ ಕಾಲು ನಿಲ್ಲುವುದಿಲ್ಲ. ಒಂದು ದಿನ ಕೋಟೆ, ಇನ್ನೊಂದು ದಿನ ಕಮಲಾಪುರದ ಬಾಳೆತೋಟ, ಮತ್ತೊಂದು ದಿನ ಮಳಖೇಡ. ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟುಬಿಡುತ್ತಾರೆ. ಓಣಿಯ ಹೆಂಗಸರಿಗೆ ಇದೊಂದು ವಿನೋದ. "ಟೀಚರ್, ಸಾಲಿಗೇ ಹೋಗದ ಮಕ್ಕಳಿಗಿ ಸೂಟಿ ಎಲ್ಲಿಂದ ಬಂತ್ರೀ?" ಎಂದು ನನ್ನನ್ನು ಕೇಳುತ್ತಾರೆ.

ಕೇಳಿದವರು ನಕ್ಕರೂ ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವಳು ನಾನು. ನಮ್ಮ ಭಾಗದ ಚರಿತ್ರೆಯನ್ನು ತಿರುವಿ ನೋಡಿದರೆ ಮನೆಯಲ್ಲಿ ಕಲಿಯುವುದು, ಸೂಟಿಯಲ್ಲಿ ಕಲಿಯುವುದು ನಮಗೆ ಹೊಸದೇನೂ ಅಲ್ಲ. ಒಂದು ಕಾಲಕ್ಕೆ ಇಲ್ಲಿ ಕನ್ನಡ ಉಳಿದದ್ದೇ ಹಾಗೆ.

ಕಲಬುರಗಿ, ರಾಯಚೂರು, ಬೀದರ ಈ ಮೂರು ಕನ್ನಡ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಚೇರಿಯಲ್ಲಿ ಫಾರಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ದೇಶದ ಉಳಿದ ವಿಶ್ವವಿದ್ಯಾಲಯಗಳು ಇಂಗ್ಲಿಷನ್ನೇ ನೆಚ್ಚಿದ್ದ ಕಾಲದಲ್ಲಿ ಅದು ದೊಡ್ಡ ಸಾಹಸವೇ ಸರಿ. ಆದರೆ ಕನ್ನಡ ಮನೆಮಾತಿನ ಹುಡುಗನಿಗೆ ಇಂಗ್ಲಿಷೂ ದೂರ, ಉರ್ದುವೂ ಕಲಿಯಬೇಕಾದ ಭಾಷೆಯೇ. ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡಕ್ಕೆ ಜಾಗವಿದ್ದರೂ ಮೇಲಕ್ಕೆ ಹೋದಂತೆ ಅದು ಕಾಣೆಯಾಗುತ್ತಿತ್ತು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿದ್ದು ಇಂಥ ಕಾಲದಲ್ಲಿ. ಊರೂರಲ್ಲಿ ಅಂಥ ಶಾಲೆ ತೆರೆಯೋಣವೆಂದರೆ 1920ರ ದಶಕದಲ್ಲಿ ಖಾಸಗಿ ಶಾಲೆಗಳಿಗೆ ಸರಕಾರದ ಅಪ್ಪಣೆ ಬೇಕೆಂಬ ಕಟ್ಟಳೆ ಬಂತು. ಹೀಗಾಗಿ ಹಳ್ಳಿಗಳಲ್ಲಿ ಕನ್ನಡದ ಓದು ಮಠದ ಪಡಸಾಲೆಯಲ್ಲಿ, ಮನೆಯ ಕಟ್ಟೆಯ ಮೇಲೆ ನಡೆಯಿತು.

ನನ್ನ ತಂದೆಯ ತಾಯಿ ಕಮಲಾಪುರದ ಕಡೆಯವಳು. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಅವಳ ಅಣ್ಣ ಕಲಬುರಗಿಯಲ್ಲಿ ಬಂಧುಗಳ ಮನೆಯಲ್ಲಿದ್ದು ಉರ್ದು ಶಾಲೆಗೆ ಹೋಗುತ್ತಿದ್ದನಂತೆ. ಸೂಟಿಗೆ ಊರಿಗೆ ಬಂದಾಗ ಅವರಪ್ಪ ಅವನನ್ನು ಎದುರಿಗೆ ಕೂರಿಸಿಕೊಂಡು ಕನ್ನಡ ಓದಿಸುತ್ತಿದ್ದ. "ಅಂವ ಊರಿಗಿ ಬಂದ ಅಂದ್ರ ಸಾಲಿ ಬಂದಂಗs" ಎಂದು ಆಯಿ ಹೇಳುತ್ತಿದ್ದಳು. ಅಣ್ಣನ ಪಕ್ಕದಲ್ಲಿ ಕೂತು ಅವನ ಬೆರಳು ಪುಸ್ತಕದ ಮೇಲೆ ಹೋದ ಕಡೆಗೆ ತಾನೂ ಕಣ್ಣು ಆಡಿಸಿ ಅವಳು ಓದು ಕಲಿತಳು. ಶ್ರಾವಣದಲ್ಲಿ ಮನೆಯಲ್ಲಿ ಪುರಾಣ ಹಚ್ಚಿದಾಗ ಓದುವವರು ತಡವರಿಸಿದರೆ ಒಳಮನೆಯಿಂದ ಮುಂದಿನ ಶಬ್ದ ಹೇಳುತ್ತಿದ್ದವಳು ಅವಳೇ.

ಈಗ ಓಣಿಯ ಹೆಂಗಸರ ಪ್ರಶ್ನೆಗೆ ಬರೋಣ. ನಮ್ಮ ಕಡೆ ಆಶ್ವಯುಜ, ಕಾರ್ತೀಕ ಎರಡು ತಿಂಗಳು ಸೂಟಿಯೂ ಹೌದು, ಮನೆಯ ಶಾಲೆಯೂ ಹೌದು. ಎರಿನೆಲದ ಕೆಸರು ಆರಿ ಕಾಲುದಾರಿ ಗಟ್ಟಿಯಾಗಿರುತ್ತದೆ. ತೊಗರಿ ಹೂವಿಗೆ ಬರುತ್ತಿರುತ್ತದೆ. ಹಿಂಗಾರಿ ಜೋಳ ಮೊಳೆತಿರುತ್ತದೆ. ಘಟ್ಟ ಹಾಕಿದ ದಿನ ಪತ್ರಾವಳಿಯ ಮಣ್ಣಿನಲ್ಲಿ ಕಾಳು ಬಿತ್ತಿ, ಒಂಬತ್ತು ದಿನ ಸಸಿ ಬೆಳೆಯುವುದನ್ನು ಮಕ್ಕಳು ಬೆರಳಿನಿಂದ ಅಳೆಯುತ್ತಾರೆ. ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನಾನು ತರಗತಿಯಲ್ಲಿ ಮಾಡಿಲ್ಲ. ಖಂಡೇಪೂಜೆಯ ದಿನ ಕುಡುಗೋಲು, ಕುರ್ಪಿ, ತಕ್ಕಡಿ, ತೂಕದ ಕಲ್ಲುಗಳ ಜತೆ ಮಕ್ಕಳ ಪಾಟಿ ಪುಸ್ತಕವನ್ನೂ ಇಟ್ಟು ಪೂಜಿಸುತ್ತೇವೆ. ಓದೂ ಒಂದು ಕಸುಬು, ಪುಸ್ತಕವೂ ಒಂದು ಹತಾರ ಎಂದು ಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮರುದಿನ ಬನ್ನಿ ಕೊಡಲು ಮನೆಮನೆಗೆ ಹೋದಾಗ ಯಾರು ಕಾಕಾ, ಯಾರು ಸೋದರಮಾವ, ಯಾರ ಕಾಲಿಗೆ ಬೀಳಬೇಕು, ಯಾರನ್ನು ಅಪ್ಪಿಕೊಳ್ಳಬೇಕು ಎಂಬುದು ತಿಳಿಯುತ್ತದೆ.

ಶೀಗಿ ಹುಣ್ಣಿಮೆಯ ಮುಂಚೆ ಕಲಬುರಗಿಯ ರಸ್ತೆಗಳಲ್ಲಿ ತುಳಜಾಪುರದ ಅಂಬಾಭವಾನಿಗೆ ಕಾಲ್ನಡಿಗೆಯಲ್ಲಿ ಹೊರಟವರ ಸಾಲು ನೀವೂ ನೋಡಿರುತ್ತೀರಿ. ದಾರಿಯ ಊರುಗಳ ಹೆಸರು ಅವರಿಗೆ ನಕಾಶೆ ನೋಡದೆ ಬಾಯಿಪಾಠ. ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಕೂರಿಸುವಾಗ ಅರ್ಧ ಮಹಾಭಾರತ ಮುಗಿದಿರುತ್ತದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎರಕ ಹೊಯ್ಯುವಾಗ ಪಾಕ ಯಾವ ಹದಕ್ಕೆ ಬರಬೇಕು, ಪಾವಿಗೆಷ್ಟು, ಅಚ್ಛೇರಿಗೆಷ್ಟು, ಸೇರಿಗೆಷ್ಟು ಎಂಬ ಲೆಕ್ಕವನ್ನು ಆಯಿ ನಮ್ಮಿಂದಲೇ ಹೇಳಿಸುತ್ತಿದ್ದಳು. ತಪ್ಪು ಹೇಳಿದವರಿಗೆ ಆನೆ, ಒಂಟೆ ಸಿಗುತ್ತಿರಲಿಲ್ಲ. ಮುರಿದ ಚೂರೇ ಗತಿ.

ಇನ್ನು ತಿರುಗಾಟದ ಮಾತು. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸುಮಾರು 35 ಕಿಲೋಮೀಟರಿಗೆ ಕಮಲಾಪುರ. ಈಗ ಅದು ತಾಲ್ಲೂಕು ಕೇಂದ್ರ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕಿತು. ಕೆಂಪು ಬಾಳೆ ಗೊನೆ ಕೊಡಲು ಉಳಿದ ಬಾಳೆಗಿಂತ ಹೆಚ್ಚು ಕಾಲ, ಹತ್ತಿರ ಹತ್ತಿರ ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಬೆಲೆ ಹೆಚ್ಚು ಯಾಕೆ ಎಂದು ಕೇಳುವ ಮಗುವಿಗೆ ತೋಟದಲ್ಲಿ ನಿಂತು ಉತ್ತರ ಹೇಳಿದರೆ ಅರ್ಥಶಾಸ್ತ್ರ ಅರ್ಧ ತಿಳಿದಂತೆಯೇ.

ಊರೊಳಗಿನ ಕೋಟೆಯಲ್ಲಿ 1367ರ ಜಾಮಿ ಮಸೀದಿ ಇದೆ. ಬಹಮನಿ ಸುಲ್ತಾನರು 1347ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ ಮೇಲಿನ ಕೆಲಸ. ಸಾಮಾನ್ಯವಾಗಿ ಮಸೀದಿಗಳಲ್ಲಿ ನಡುವೆ ಬಯಲು ಅಂಗಳವಿರುತ್ತದೆ. ಇದರಲ್ಲಿ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ. ಸಾಲು ಕಮಾನುಗಳ ನೆರಳಿನಲ್ಲಿ ನಿಂತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ.

ಭೀಮೆಯ ದಂಡೆಯ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ನಮ್ಮ ಕಡೆಯ ಎಷ್ಟೋ ಮನೆಯವರು ಹೋಗುತ್ತಾರೆ. 1986ರಲ್ಲಿ ಆ ಗುಡಿಯ ಆವರಣದಲ್ಲಿನ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಆಗ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಅಶೋಕನ ಹೆಸರು ಕೊರೆದ ಅವನ ಶಿಲ್ಪವೂ ಸಿಕ್ಕಿತು. ಎಷ್ಟು ತಲೆಮಾರಿನ ತಾಯಂದಿರು ಮಕ್ಕಳ ಕೈಹಿಡಿದು ಆ ಕಲ್ಲಿನ ಮುಂದೆ ನಿಂತು ಕುಂಕುಮ ಹಚ್ಚಿಸಿಕೊಂಡು ಬಂದಿರಬೇಕು! ಕಲ್ಲು ಅಲ್ಲೇ ಇತ್ತು, ಓದುವವರು ಬೇಕಾಗಿತ್ತು.

ಕಾಗಿಣಾ ನದಿಯ ದಂಡೆಯ ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಈ ನಾಡಿನ ಜನ ಶಾಸ್ತ್ರ ಓದದೆಯೂ ಕಾವ್ಯದಲ್ಲಿ ಜಾಣರು ಎಂಬ ಭಾವದ ಮಾತು ಅದರಲ್ಲಿದೆ. ಮನೆಯಲ್ಲಿ ಕಲಿಸುವವರು ಈ ಮಾತನ್ನು ತಮ್ಮ ಕಡೆಗೆ ಸಾಕ್ಷಿಯಾಗಿ ಕರೆಯಬಹುದು. ಆದರೆ ಅಲ್ಲಿಂದ ಬಹಳ ದೂರವಿಲ್ಲದ ಚಿತ್ತಾಪುರದ ಬಳಿಯ ನಾಗಾವಿಗೂ ಅವರು ಹೋಗಿ ಬರಬೇಕು. ಅಲ್ಲೊಂದು ಘಟಿಕಾಸ್ಥಾನವಿತ್ತು. ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ಅವರಿಗೆ ಉಪಾಧ್ಯಾಯರು, ಗ್ರಂಥಭಂಡಾರ ನೋಡಿಕೊಳ್ಳಲು ಆರು ಜನ ಎಂದು 1058ರ ಶಾಸನ ಲೆಕ್ಕ ಕೊಡುತ್ತದೆ. ಓದಿಗೆ ಸ್ಥಳ, ಅನ್ನ, ಪುಸ್ತಕ, ಗುರು ಎಲ್ಲವನ್ನೂ ಸಮಾಜ ಒದಗಿಸಬೇಕೆಂದು ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ತಿಳಿದಿತ್ತು. ಆ ಲೆಕ್ಕದಲ್ಲಿ ಇಲ್ಲದವರು ಮನೆಯ ಹೆಣ್ಣುಮಕ್ಕಳು. ಅವರ ಪಾಲಿಗೆ ಮನೆಯೇ ಘಟಿಕಾಸ್ಥಾನ.

ಆ ಮನೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದನ್ನು ಆಯಿಯ ಉದಾಹರಣೆಯಿಂದಲೇ ಹೇಳುತ್ತೇನೆ. ಅವಳಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅಣ್ಣನ ಪಾಟಿಗೆ ಅವಳು ಕೈಹಾಕಿದ ದಿನ ಅವರಪ್ಪ ಪಾಟಿ ಕಸಿದುಕೊಂಡನಂತೆ. "ಹೆಣ್ಣಮಕ್ಕಳು ಪುರಾಣ ಓದಿದ್ರ ಪುಣ್ಯ ಬರ್ತದ, ಬರಿಲಿಕ್ಕಿ ಕಲ್ತ್ರ ಪತ್ರ ಬರಿತಾರ" ಎಂಬುದು ಅವನ ನ್ಯಾಯ. ಆಯಿ ಎಂಬತ್ತು ದಾಟಿದಾಗಲೂ ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಒತ್ತುವ ಮುಂಚೆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದಳು. ಜನಗಣತಿಯ ಪ್ರಕಾರ ಅರ್ಥ ತಿಳಿದು ಓದಲೂ ಬರೆಯಲೂ ಬಂದರೆ ಮಾತ್ರ ಸಾಕ್ಷರರು. ಓದಲು ಮಾತ್ರ ಬಂದರೆ ಅಲ್ಲ. ಹೀಗೆ ನಮ್ಮ ಆಯಿ ಕೊನೆಯವರೆಗೆ ನಿರಕ್ಷರಿಯಾಗಿಯೇ ಉಳಿದಳು.

ಇದು ಒಬ್ಬಳ ಕಥೆಯಲ್ಲ. 19ನೆಯ ಶತಮಾನದ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ ಪುಸ್ತಕದಿಂದ ಒಂದು ಹಾಳೆ ಬಿಡಿಸಿ ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಅಕ್ಷರ ತಿದ್ದಿದ ಗರಿಯ ಜೊತೆ ಹೋಲಿಸಿ ನೋಡಿ ಕದ್ದು ಓದು ಕಲಿತಳು. ಬರವಣಿಗೆ ಅವಳಿಗೆ ಬಂದದ್ದು ಬಹಳ ವರ್ಷಗಳ ಮೇಲೆ. ಅವಳು ಬರೆದ ಆತ್ಮಕಥೆ ಬಂಗಾಳಿಯ ಮೊದಲ ಆತ್ಮಕಥೆಗಳಲ್ಲೊಂದು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರಿಗೆ ಮನೆಯಲ್ಲೇ ಕಲಿಸಿದವರು ಗಂಡ ಜ್ಯೋತಿರಾಯರು. ಆದರೆ ಕಲಿತ ಸಾವಿತ್ರಿಬಾಯಿ ಮನೆಯಲ್ಲೇ ಕೂರಲಿಲ್ಲ. 1848ರಲ್ಲಿ ಅವರಿಬ್ಬರೂ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು 1930ರ ದಶಕದಲ್ಲಿ ಮಹಾದೇವಿ ಕನ್ಯಾ ಪಾಠಶಾಲೆ ಆರಂಭಿಸಿದ ಮೇಲೆ ಎಷ್ಟೋ ಹೆಣ್ಣುಮಕ್ಕಳ ಕೈಗೆ ಪಾಟಿ ಬಂತು. ಯಾರೂ ಅದನ್ನು ಕಸಿದುಕೊಳ್ಳಲಿಲ್ಲ.

ಮನೆಯೇ ಶಾಲೆಯಾದರೆ ಹೇಗಿರುತ್ತದೆ ಎಂಬುದನ್ನು 2020ರಲ್ಲಿ ನಾವೆಲ್ಲರೂ ಕಂಡೆವು. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯವರದೇ. ಶಾಲೆಗಳ ಬಾಗಿಲು ಮುಚ್ಚಿದವು. ವಿದ್ಯಾಗಮ ಯೋಜನೆಯಲ್ಲಿ ನಾವು ಗುಡಿಯ ಕಟ್ಟೆ, ಬೇವಿನ ಮರದ ಕೆಳಗೆಲ್ಲ ಮಕ್ಕಳನ್ನು ಹುಡುಕಿಕೊಂಡು ಹೋದೆವು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತು, 12ರಿಂದ 30ರವರೆಗೆ ಸೂಟಿ ಕೊಟ್ಟರು. ಅದೇ ವಾರ ಭೀಮೆ ಉಕ್ಕಿ ದಂಡೆಯ ಹಳ್ಳಿಗಳು ನೀರು ಪಾಲಾದವು. ಮೊಬೈಲು ಇದ್ದ ಮನೆಯಲ್ಲಿ ಪಾಠ ನಡೆಯಿತು. ಒಂದೇ ಮೊಬೈಲು ಇದ್ದಲ್ಲಿ ಅದು ಗಂಡುಮಗನ ಕೈಯಲ್ಲಿತ್ತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಒಂದೂವರೆ ವರ್ಷದ ಮೇಲೆ.

ದೊಡ್ಡ ತರಗತಿಗಳು ತೆರೆದಾಗ ನನ್ನ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳಿಗೆ ಉತ್ತರ ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ಇನ್ನೊಬ್ಬಳ ತಂದೆ ಬಹಳ ವಿನಯದಿಂದಲೇ ಹೇಳಿದ: "ಮನ್ಯಾಗೇ ಕಲಿಲಾಕತ್ತಾಳ್ರಿ ಟೀಚರ್, ಸಾಲಿಗಿ ಯಾಕ್ರೀ?" ಹುಡುಗಿ ರೊಟ್ಟಿ ಬಡಿಯುತ್ತಿದ್ದಳು. ಎರಡು ಸಲ, ಮೂರು ಸಲ ಹೋಗಿ ಕೂತೆ. ಅವಳ ಅಜ್ಜಿಯೇ ಕೊನೆಗೆ ನನ್ನ ಪರವಾಗಿ ಮಾತಾಡಿದಳು. ಅವಳು ಮರಳಿ ಬಂದಳು. ಮದುವೆ ಗೊತ್ತಾದವಳು ಬರಲಿಲ್ಲ.

ಓಣಿಯ ಆ ಸಂಸಾರದ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅವರು ಮಗಳಿಗೂ ಮಗನಿಗೂ ಸಮನಾಗಿ ಕಲಿಸುತ್ತಾರೆ. ಮುಂದೆ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿಸುವುದಾಗಿ ಹೇಳುತ್ತಾರೆ. ಆದರೆ ಮನೆಯ ಪಾಠ ಮನೆಯವರ ಮನಸ್ಸಿನಷ್ಟೇ ದೊಡ್ಡದು. ಆಯಿಯ ಅಪ್ಪ ಕೆಟ್ಟವನಾಗಿರಲಿಲ್ಲ, ಮಗಳನ್ನು ಮುದ್ದಿನಿಂದಲೇ ಸಾಕಿದ್ದ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಸಾಕ್ಷರರು ನೂರಕ್ಕೆ ಸುಮಾರು 55, ಗಂಡಸರಲ್ಲಿ 74. ನಡುವಿನ ಆ ಅಂತರ ಇಂಥ ಮುದ್ದಿನ ಮನೆಗಳಲ್ಲೇ ಹುಟ್ಟಿದ್ದು. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ರ ವಯಸ್ಸಿನ ಮಗುವಿಗೆ ಓದನ್ನು ಹಕ್ಕೆಂದು ಕೊಟ್ಟಿತು. ಅಪ್ಪನ ಮರ್ಜಿಯಲ್ಲಿದ್ದ ಪಾಟಿ ಮಗಳ ಸ್ವಂತದ್ದಾಯಿತು.

ಆದ್ದರಿಂದ ಸೂಟಿ ಬಂದಾಗ ಮಕ್ಕಳನ್ನು ಕರೆದುಕೊಂಡು ಹೊರಡಿ. ಟ್ಯೂಷನ್ನಿಗೆ ಅಟ್ಟಬೇಡಿ. ಬುತ್ತಿ ಕಟ್ಟಿ, ಕಮಲಾಪುರಕ್ಕೆ ಹೋಗಿ ಬಾಳೆಹಣ್ಣು ತನ್ನಿ, ಕೋಟೆ ಹತ್ತಿಸಿ, ನಾಗಾವಿಯ ಕಲ್ಲುಗಳನ್ನು ಮುಟ್ಟಿಸಿ. ಸಕ್ಕರೆ ಆರತಿಯ ಲೆಕ್ಕ ಮಗನಿಂದಲೂ ಹೇಳಿಸಿ, ಖಂಡೇಪೂಜೆಗೆ ಮಗಳ ಪುಸ್ತಕವನ್ನು ಮುಂದಿನ ಸಾಲಿನಲ್ಲಿ ಇಡಿ. ಸೂಟಿ ಮುಗಿದ ಮರುದಿನ ಬೆಳಿಗ್ಗೆ ಅವಳನ್ನು ಶಾಲೆಗೆ ಕಳಿಸಿ. ಅವಳ ಹೆಸರು ಕೂಗಲು ನಮ್ಮಂಥವರು ಅಲ್ಲಿ ಕಾದಿರುತ್ತೇವೆ.