ಉದ್ಯೋಗ, ಬಿಡುವು ಮತ್ತು ಅಶೋಕನ ಶಾಸನಗಳು

ಹಿಡಿದ ಕೆಲಸವನ್ನು ಮುಗಿಸುವವನು ಜಾಣ, ನಡುವೆ ಅತ್ತಿತ್ತ ನೋಡುವವನು ಸೋಮಾರಿ ಎಂಬುದು ನಾವು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದ ನಾನೂ ಇದನ್ನು ನಂಬಿದ್ದೆ. ಇದು ಅರ್ಧ ಸತ್ಯವೆಂದು ನನಗೆ ತಿಳಿಸಿಕೊಟ್ಟದ್ದು ಅಶೋಕನ ಶಾಸನಗಳ ಕಥೆ.

ಅಶೋಕನ ಬರಹವನ್ನು ಓದುವ ವಿದ್ಯೆ ನಮ್ಮ ದೇಶದಲ್ಲಿ ಶತಮಾನಗಳ ಕಾಲ ಮರೆತುಹೋಗಿತ್ತು. ಕಂಬಗಳೂ ಬಂಡೆಗಳೂ ಕಣ್ಣೆದುರಿಗೇ ಇದ್ದವು, ಓದಬಲ್ಲವರಿರಲಿಲ್ಲ. 1837ರಲ್ಲಿ ಆ ಬ್ರಾಹ್ಮೀ ಲಿಪಿಯನ್ನು ಓದಿ ತೋರಿಸಿದ ಜೇಮ್ಸ್ ಪ್ರಿನ್ಸೆಪ್ ವೃತ್ತಿಯಿಂದ ಭಾಷಾಪಂಡಿತರಲ್ಲ. ಕಲ್ಕತ್ತೆಯ ಟಂಕಸಾಲೆಯಲ್ಲಿ ಚಿನ್ನ ಬೆಳ್ಳಿಗಳ ಶುದ್ಧಿಯನ್ನು ಪರೀಕ್ಷಿಸುವ ಅಧಿಕಾರಿ. ಸಾಂಚಿಯ ಸ್ತೂಪದ ಚಿಕ್ಕ ಚಿಕ್ಕ ಬರಹಗಳ ಪ್ರತಿಗಳನ್ನು ಜೋಡಿಸಿ ನೋಡುತ್ತಿದ್ದಾಗ, ಅವು ಬಹುಮಟ್ಟಿಗೆ ಒಂದೇ ಬಗೆಯ ಎರಡು ಅಕ್ಷರಗಳಿಂದ ಮುಗಿಯುವುದು ಅವರ ಗಮನಕ್ಕೆ ಬಂತು. ಇವು ಭಕ್ತರ ಕಾಣಿಕೆಯ ಲೇಖಗಳಾಗಿರಬೇಕು, ಕೊನೆಯ ಪದ ‘ದಾನಂ’ ಇರಬೇಕು ಎಂದು ಅವರು ಊಹಿಸಿದರು. ಆ ಒಂದು ಪದದ ಎಳೆಯನ್ನು ಹಿಡಿದು ಉಳಿದ ಅಕ್ಷರಗಳು ಬಿಡಿಸಿಕೊಂಡವು. ದಿನವೆಲ್ಲ ನಾಣ್ಯವನ್ನು ನಾಣ್ಯದೊಡನೆ ಹೋಲಿಸುತ್ತಿದ್ದ ಕಣ್ಣಿಗೆ ಅಕ್ಷರವನ್ನು ಅಕ್ಷರದೊಡನೆ ಹೋಲಿಸುವುದು ಸಹಜವಾಗಿದ್ದಿರಬೇಕು. ಉದ್ಯೋಗ ಬಿಡುವಿಗೆ ಶತ್ರುವಲ್ಲ, ಗುರುವೂ ಆಗಬಲ್ಲದು ಎಂದು ಇದರಿಂದ ನನಗೆ ತೋರುತ್ತದೆ.

ಆದರೆ ಪ್ರಿನ್ಸೆಪ್ ಅವರ ಕಥೆಗೆ ಮತ್ತೊಂದು ಮುಖವಿದೆ. ಟಂಕಸಾಲೆಯ ಹೊಣೆ, ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯ ಹೊಣೆ, ಅದರ ಪತ್ರಿಕೆಯ ಕೆಲಸ, ದೇಶದ ನಾನಾ ಕಡೆಗಳಿಂದ ಬಂದು ಬೀಳುತ್ತಿದ್ದ ನಾಣ್ಯಗಳೂ ಶಾಸನಪ್ರತಿಗಳೂ ಸೇರಿ ಅವರ ಬಿಡುವೇ ಎರಡನೆಯ ದುಡಿಮೆಯಾಯಿತು. 1838ರಲ್ಲಿ ಆರೋಗ್ಯ ಕುಸಿದು ಇಂಗ್ಲೆಂಡಿಗೆ ಮರಳಿದ ಅವರು, 1840ರಲ್ಲಿ, ತಮ್ಮ 40ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಲಿಪಿ ಬೆಳಕಿಗೆ ಬಂದ ಆ 1837ರಲ್ಲಿಯೇ ಬೆಂಗಳೂರಿನಲ್ಲಿ ಬಿ. ಎಲ್. ರೈಸ್ ಹುಟ್ಟಿದರು. 1860ರಲ್ಲಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಸ್ಥರಾಗಿ ಬಂದವರು, 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರಾದರು. ಶಾಲೆಗಳನ್ನು ನೋಡಲು ಊರೂರು ಸುತ್ತುವುದು ಅವರ ಉದ್ಯೋಗ. ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತ ಬರಹದ ಕಲ್ಲುಗಳನ್ನು ನೋಡಬೇಕೆಂದು ಆ ಉದ್ಯೋಗ ಕೇಳುತ್ತಿರಲಿಲ್ಲ, ನೋಡಬಾರದೆಂದೂ ತಡೆಯುತ್ತಿರಲಿಲ್ಲ. ಕಲ್ಲಿನ ಮೇಲಿನ ಆ ಆಸಕ್ತಿ 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವಾಯಿತು. ಮುಂದೆ ಸರಕಾರವೇ ಶಾಸನಶೋಧನೆಯನ್ನು ಅವರ ಉದ್ಯೋಗವಾಗಿಸಿತು. 1886ರಿಂದ ಹೊರಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಚ್ಚಾದವು. 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವರಿಗೆ ಅಶೋಕನ ಶಾಸನಗಳು ದೊರೆತಾಗ, ನಮ್ಮ ನಾಡಿನ ಲಿಖಿತ ಚರಿತ್ರೆ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಸರಿಯಿತು.

ಆ ಬ್ರಹ್ಮಗಿರಿಯ ಬರಹದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅರಸನ ಆಜ್ಞೆಯನ್ನು ಬರೆದು ಮುಗಿಸಿದ ಮೇಲೆ ತನಗಾಗಿ ಒಂದು ಪದದಷ್ಟು ಜಾಗ!

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಮತ್ತೊಂದು ಶಾಸನ ದೊರೆಯಿತು. ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಅದುವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಚಿನ್ನಕ್ಕಾಗಿ ಬಂದವರು ಕಲ್ಲನ್ನು ಕಂಡು ಸುಮ್ಮನೆ ಮುಂದೆ ನಡೆದಿದ್ದರೆ ಅವರ ಉದ್ಯೋಗಕ್ಕೇನೂ ಕುಂದಾಗುತ್ತಿರಲಿಲ್ಲ.

ಹಾಗೆ ಮುಂದೆ ನಡೆದವನು ನಾನು. ಒಂದು ಜನವರಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ತಮ್ಮೂರ ಕೆರೆಯ ತೂಬಿನ ಬಳಿಯ ಕಲ್ಲಿನಿಂದ ಕೆಲವು ಅಕ್ಷರಗಳನ್ನು ಪೆನ್ಸಿಲಿನಲ್ಲಿ ಬರೆದು ತಂದ. “ಸಾರ್, ಒಂದು ಭಾನುವಾರ ಬರುತ್ತೀರಾ?” ಎಂದು ಕೇಳಿದ. ಪಠ್ಯ ಇನ್ನೂ ಮುಗಿದಿರಲಿಲ್ಲ. “ಮೊದಲು ಪರೀಕ್ಷೆ ಮುಗಿಸಪ್ಪ” ಎಂದು ಕಾಗದವನ್ನು ಮಡಿಸಿ ಅವನ ಕೈಗೇ ಕೊಟ್ಟೆ. ಬೇಸಗೆಯ ರಜೆಯಲ್ಲಿ ಹೋಗಿ ನೋಡಿದಾಗ ಕಲ್ಲು ಇರಲಿಲ್ಲ. ರಸ್ತೆಯ ಮೋರಿಗೆಂದು ಒಡೆದಿದ್ದರು. ಕಾಗದವನ್ನು ಅವನೂ ಉಳಿಸಿಕೊಂಡಿರಲಿಲ್ಲ. ಆ ವರ್ಷ ನನ್ನ ತರಗತಿಯ ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಅವನು ಮತ್ತೆ ನನ್ನ ಬಳಿಗೆ ಏನನ್ನೂ ತರಲಿಲ್ಲ.

ಮುಂದಿನ ವರ್ಷದಿಂದ ಶನಿವಾರದ ಕೊನೆಯ ಪೀರಿಯಡ್ಡನ್ನು ಪಠ್ಯವಿಲ್ಲದೆ ಬಿಟ್ಟೆ. ಗಾದೆ, ತಾಳೆಗರಿ, ಅಜ್ಜಿಯ ಹಾಡು, ಯಾವುದನ್ನಾದರೂ ತನ್ನಿರೆಂದೆ. ಉಳಿದ ಐದು ದಿನ ಪಾಠ ಕಟ್ಟುನಿಟ್ಟಾಗಿಯೇ ನಡೆಯಿತು; ಅದಿಲ್ಲದಿದ್ದರೆ ಶನಿವಾರಕ್ಕೂ ಬೆಲೆ ಇರುತ್ತಿರಲಿಲ್ಲ. ಎಷ್ಟೋ ಶನಿವಾರ ಏನೂ ಸಿಗದೆ ಬರಿಗೈಯಲ್ಲಿ ಎದ್ದೆವು. ಆದರೂ ನಿವೃತ್ತನಾಗುವವರೆಗೆ ಆ ಗಂಟೆಯನ್ನು ನಾನು ಪಠ್ಯಕ್ಕೆ ಬಿಟ್ಟುಕೊಡಲಿಲ್ಲ.