ಬಿಡುವಿನ ಕಾಲದಲ್ಲಿ ಟ್ರ್ಯಾಕ್ಟರ್ ಬ್ಯಾಟರಿಯ ಸಂರಕ್ಷಣೆ: ಫ್ಲೋಟ್ ಚಾರ್ಜರ್ ಬಳಕೆ

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯು ಮಧ್ಯ ಒಣ ವಲಯಕ್ಕೆ ಸೇರಿದ್ದು, ಇಲ್ಲಿನ ಮಳೆಯಾಶ್ರಿತ ಶೇಂಗಾ ಬೇಸಾಯದಲ್ಲಿ ಬಿತ್ತನೆಯ ಹದ ಕೆಲವೇ ದಿನ ಉಳಿಯುತ್ತದೆ. ಬೇಸಿಗೆಯಿಡೀ ನಿಂತಿದ್ದ ಟ್ರ್ಯಾಕ್ಟರ್ ಹದಮಳೆ ಬಿದ್ದ ಮರುದಿನ ಚಾಲೂ ಆಗದಿದ್ದರೆ ಆಗುವ ನಷ್ಟ ಬ್ಯಾಟರಿಯ ಬೆಲೆಗಿಂತ ದೊಡ್ಡದು.

ಬ್ಯಾಟರಿ ಕೆಡಲು ಕಾರಣ

ಸೀಸ-ಆಮ್ಲ ಬ್ಯಾಟರಿಯು ಬಳಸದಿದ್ದರೂ ತಾನಾಗಿ ವಿದ್ಯುತ್ ಕಳೆದುಕೊಳ್ಳುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ನಷ್ಟ ಸರಿಸುಮಾರು ಇಮ್ಮಡಿಯಾಗುತ್ತದೆ. ಚಾರ್ಜ್ ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ, ಬ್ಯಾಟರಿ ಮತ್ತೆ ಪೂರ್ಣ ಚಾರ್ಜ್ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕೆಂಬ ಭಾವನೆ ಸರಿಯಲ್ಲ. ನಿಧಾನಗತಿಯ ಅಲ್ಪಾವಧಿ ಓಟದಿಂದ ಬ್ಯಾಟರಿ ಪೂರ್ಣವಾಗಿ ತುಂಬುವುದಿಲ್ಲ.

ಫ್ಲೋಟ್ ಚಾರ್ಜರ್ ಎಂದರೇನು?

ಇದು 12 ವೋಲ್ಟ್ ಬ್ಯಾಟರಿಗೆ ಸುಮಾರು 13.5 ವೋಲ್ಟ್ ಒತ್ತಡವನ್ನು ಸ್ಥಿರವಾಗಿ ಒದಗಿಸುವ ಸಾಧನ. ಬ್ಯಾಟರಿ ತುಂಬಿದಂತೆ ವಿದ್ಯುತ್ ಪ್ರವಾಹ ತಾನಾಗಿ ತಗ್ಗಿ, ಸೋರಿಕೆಯನ್ನು ಸರಿದೂಗಿಸುವಷ್ಟು ಮಾತ್ರ ಹರಿಯುತ್ತದೆ. ಸಾಮಾನ್ಯ ಚಾರ್ಜರ್‌ ಅನ್ನು ತಿಂಗಳುಗಟ್ಟಲೆ ಜೋಡಿಸಿಟ್ಟರೆ ನೀರು ಆವಿಯಾಗಿ ಫಲಕಗಳು ಹಾಳಾಗುತ್ತವೆ.

ಬಳಸುವ ವಿಧಾನ

1. ಬ್ಯಾಟರಿಯನ್ನು ಕೆಲವು ಗಂಟೆ ವಿಶ್ರಾಂತಿಯಲ್ಲಿಟ್ಟು ಮಲ್ಟಿಮೀಟರಿನಿಂದ ಅಳೆಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಅದು ಪೂರ್ಣ ತುಂಬಿದೆ. 12.4ಕ್ಕಿಂತ ಕಡಿಮೆಯಿದ್ದರೆ ಮೊದಲು ಸಾಮಾನ್ಯ ಚಾರ್ಜರಿನಿಂದ ತುಂಬಿಸಿ. ಆಗ ಪ್ರವಾಹವು ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗ ಮೀರದಿರಲಿ. 80 ಆಂಪಿಯರ್-ಗಂಟೆಯ ಬ್ಯಾಟರಿಗೆ 8 ಆಂಪಿಯರ್.
2. ದ್ರವದ ಮಟ್ಟ ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕೊಳವೆಬಾವಿಯ ನೀರಿನ ಲವಣಗಳು ಫಲಕಗಳಿಗೆ ಹಾನಿಕರ.
3. ಟರ್ಮಿನಲ್‌ಗಳನ್ನು ಸ್ವಚ್ಛಗೊಳಿಸಿ, ವಾಹನದ ಋಣ ತಂತಿಯನ್ನು ಬಿಚ್ಚಿಡಿ.
4. ಚಾರ್ಜರಿನ ಧನ ತಂತಿಯನ್ನು ಧನ ತುದಿಗೆ, ಋಣ ತಂತಿಯನ್ನು ಋಣ ತುದಿಗೆ ಜೋಡಿಸಿದ ಬಳಿಕವೇ ವಿದ್ಯುತ್ ಸ್ವಿಚ್ ಹಾಕಿ.
5. ಉಷ್ಣಾಂಶ 25 ಡಿಗ್ರಿ ಮೀರಿದ ಪ್ರತಿ 10 ಡಿಗ್ರಿಗೆ ಫ್ಲೋಟ್ ಒತ್ತಡ ಸುಮಾರು 0.2 ವೋಲ್ಟ್ ತಗ್ಗಬೇಕು. ತಗಡಿನ ಶೆಡ್ಡಿನಲ್ಲಿ ಇಡುವವರು ಈ ಸೌಲಭ್ಯವಿರುವ ಚಾರ್ಜರ್ ಆರಿಸುವುದು ಸೂಕ್ತ.
6. ತಿಂಗಳಿಗೊಮ್ಮೆ ದ್ರವದ ಮಟ್ಟ ಹಾಗೂ ವೋಲ್ಟೇಜ್ ಪರೀಕ್ಷಿಸಿ.

ಮುನ್ನೆಚ್ಚರಿಕೆ

ಚಾರ್ಜ್ ಆಗುವಾಗ ಸ್ಫೋಟಕ ಜಲಜನಕ ಅನಿಲ ಹೊರಬರುವುದರಿಂದ ಗಾಳಿಯಾಡುವ ಸ್ಥಳದಲ್ಲಿಡಿ. ಬೀಡಿ, ಬೆಂಕಿ, ಒಣಮೇವು ಹತ್ತಿರವಿರದಿರಲಿ. ಆಮ್ಲ ಚರ್ಮಕ್ಕೆ ತಾಗಿದರೆ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ತಾಗಿದರೆ ತೊಳೆಯುತ್ತಲೇ ವೈದ್ಯರನ್ನು ಕಾಣಿರಿ.

ವಿದ್ಯುತ್ ಇಲ್ಲದ ತೋಟದ ಶೆಡ್ಡಿಗೆ ನಿಯಂತ್ರಕ ಸಹಿತ 10 ವಾಟ್ ಸೌರಫಲಕ ಸಾಕಾಗುತ್ತದೆ. ಚಾರ್ಜರ್ ಕೊಳ್ಳಲಾಗದವರು ಋಣ ತಂತಿ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಬ್ಯಾಟರಿ ಅಂಗಡಿಯಲ್ಲಿ ಪೂರ್ಣ ಚಾರ್ಜ್ ಮಾಡಿಸಬಹುದು. ಈಗಾಗಲೇ ಸಲ್ಫೇಟ್ ಗಟ್ಟಿಯಾದ ಬ್ಯಾಟರಿಯನ್ನು ಫ್ಲೋಟ್ ಚಾರ್ಜರ್ ಉಳಿಸಲಾರದು. ಆದುದರಿಂದ ರೈತ ಬಾಂಧವರು ಕೊಯ್ಲು ಮುಗಿದು ಟ್ರ್ಯಾಕ್ಟರ್ ನಿಲ್ಲಿಸುವ ದಿನವೇ ಈ ಕ್ರಮ ಆರಂಭಿಸಿ, ಮುಂಗಾರಿಗೆ ಮೊದಲು ಒಮ್ಮೆ ಚಾಲೂ ಮಾಡಿ ಖಚಿತಪಡಿಸಿಕೊಳ್ಳಬೇಕು.